ದೇಶಕ್ಕೊಂದು ಸಾಲು ಹಾಕಿ ಜಗತ್ತನ್ನು ಓದುವುದು ಸರಿನಾ? ಎಂಎ ಪ್ರಾಜೆಕ್ಟಿಗೆ ಸಲಹೆ ಬೇಕು

ಮುಂಡರಗಿ_ಹುಡುಗಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂಎ ಓದುತ್ತಿದ್ದೇನೆ. ಊರು ಮುಂಡರಗಿ ಹತ್ತಿರ. ಜಗತ್ತಿನ ಎಲ್ಲ ದೇಶಗಳ ಅಂಕಿಅಂಶ ಇಟ್ಟುಕೊಂಡು ಜನಜೀವನಕ್ಕೂ ಪರಿಸರಕ್ಕೂ ಏನು ನಂಟಿದೆ ಅಂತ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ, ಗೈಡ್ ಕೂಡ ಒಪ್ಪಿದ್ದಾರೆ.

ವಿಶ್ವಬ್ಯಾಂಕಿನ ತಾಣದಿಂದ ಐದು ಕಾಲಂ ಇಳಿಸಿಕೊಂಡಿದ್ದೇನೆ. ತಲಾ ಆದಾಯ, ತಲಾ ಕಾರ್ಬನ್ ಡೈಆಕ್ಸೈಡ್, ಹೆಣ್ಣುಮಕ್ಕಳ ಶಾಲೆ ಓದು, ಹೆರಿಗೆಯಲ್ಲಿ ತಾಯಂದಿರ ಸಾವಿನ ಪ್ರಮಾಣ, ದೇಶದ ನೆಲದಲ್ಲಿ ಕಾಡು ಶೇಕಡಾ ಎಷ್ಟು ಅನ್ನೋದು. ಇವುಗಳ ನಡುವೆ ಸಹಸಂಬಂಧ (ಎರಡು ಅಳತೆ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವ, ಮೈನಸ್ 1ರಿಂದ ಪ್ಲಸ್ 1ರ ನಡುವಿನ ಸಂಖ್ಯೆ) ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಲ್ಲಾ ಜೋಡಿಯಲ್ಲೂ ಏನೋ ಒಂದು ಸಂಬಂಧ ಕಾಣುತ್ತಿದೆ. ಅದೇ ನನಗೆ ಅನುಮಾನ. ಇಷ್ಟು ಸಲೀಸಾಗಿ ಸಿಗುವುದನ್ನು ನಂಬಬಹುದಾ?

ಇನ್ನೂ ಕೆಲವು ಪ್ರಶ್ನೆ ಇವೆ. ಭಾರತಕ್ಕೂ ಒಂದು ಸಾಲು, ಹತ್ತು ಹನ್ನೊಂದು ಸಾವಿರ ಜನ ಇರುವ ಪೆಸಿಫಿಕ್ ದ್ವೀಪ ದೇಶ ಟುವಾಲುಗೂ ಒಂದು ಸಾಲು ಕೊಡುವುದು ಸರಿಯಾ? ಅಂಕಿ ಇಲ್ಲದ ದೇಶಗಳನ್ನು ಸುಮ್ನೆ ಅಳಿಸಿಬಿಡಬಹುದಾ? ಕೊನೆಗೆ ಇದರಿಂದ ನಮ್ಮ ಗದಗ ಜಿಲ್ಲೆ ಬಗ್ಗೆ ಏನಾದರೂ ಹೇಳೋಕೆ ಆಗುತ್ತಾ? ಕೊನೆಯ ಪ್ರಶ್ನೆ ನನಗೆ ತುಂಬಾ ಮುಖ್ಯ. ಮಾಡಿದ ಕೆಲಸ ನಮ್ಮ ಕಡೆಗೂ ಸ್ವಲ್ಪ ತಾಗಬೇಕು ಅನ್ನಿಸುತ್ತೆ.

ಸಾಧನಕೇರಿ_ಮೇಷ್ಟ್ರು:

ಒಳ್ಳೆಯ ಪ್ರಶ್ನೆ ತಂಗಿ. ಸಲೀಸಾಗಿ ಸಿಕ್ಕಿದ್ದರ ಮೇಲೆ ಅನುಮಾನ ಬಂದಿದೆ ಅಂದರೆ ಅರ್ಧ ದಾರಿ ದಾಟಿದ್ದೀರಿ. ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವನು, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ಮೊದಲನೇ ಕೆಲಸ, ಸಹಸಂಬಂಧದ ಸಂಖ್ಯೆ ಪಕ್ಕಕ್ಕಿಟ್ಟು ಚುಕ್ಕೆ ಹಾಕಿ ನೋಡಿ. ತಲಾ ಆದಾಯವನ್ನು ಅಡ್ಡಕ್ಕೆ, ಬೇರೆ ಯಾವುದಾದರೂ ಕಾಲಂ ಮೇಲಕ್ಕೆ. ಹೆಚ್ಚಿನ ದೇಶಗಳೆಲ್ಲ ಎಡಗಡೆ ಮೂಲೆಯಲ್ಲಿ ಒತ್ತಾಗಿ ಕೂತಿರುತ್ತವೆ. ನಾಲ್ಕಾರು ಶ್ರೀಮಂತ ದೇಶಗಳು ಬಲಗಡೆ ದೂರದಲ್ಲಿ ಒಂಟಿಯಾಗಿ ನಿಂತಿರುತ್ತವೆ. ನಿಮ್ಮ ಗೆರೆ ಯಾವ ಕಡೆ ವಾಲಬೇಕು ಅಂತ ತೀರ್ಮಾನ ಮಾಡುವವರು ಆ ನಾಲ್ಕಾರು ದೇಶದವರೇ. ಆದಾಯದ ಲಾಗ್ (ಲಾಗರಿದಮ್, ಎಷ್ಟು ಪಟ್ಟು ಅನ್ನುವುದನ್ನು ಸಮ ಅಂತರವಾಗಿ ತೋರಿಸುವ ಅಳತೆ) ತೆಗೆದುಕೊಂಡರೆ ಚಿತ್ರ ಬಿಚ್ಚಿಕೊಳ್ಳುತ್ತದೆ. ಬಡ ದೇಶದಲ್ಲಿ ಆದಾಯ ಎರಡು ಪಟ್ಟಾದರೆ ಆಗುವ ಬದಲಾವಣೆಯನ್ನು ಶ್ರೀಮಂತ ದೇಶದಲ್ಲಿ ಎರಡು ಪಟ್ಟಾದರೆ ಆಗುವುದರ ಜೊತೆ ಹೋಲಿಸಬೇಕು, ಸಾವಿರ ಡಾಲರಿಗೆ ಸಾವಿರ ಡಾಲರ್ ಅಂತ ಹೋಲಿಸಿದರೆ ಅರ್ಥ ಬರುವುದಿಲ್ಲ.

ಎರಡನೇದು ಬಹಳ ಜನ ಗಮನಿಸದ ವಿಷಯ. ನಿಮ್ಮ ತಲಾ ಆದಾಯ, ತಲಾ ಕಾರ್ಬನ್, ಎರಡರಲ್ಲೂ ಕೆಳಗಡೆ ಭಾಗಿಸಿರುವುದು ಒಂದೇ ಸಂಖ್ಯೆಯಿಂದ, ಆ ದೇಶದ ಜನಸಂಖ್ಯೆಯಿಂದ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1897ರಲ್ಲೇ ಇದನ್ನು ತೋರಿಸಿದ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಅಳತೆ ತೆಗೆದುಕೊಂಡು, ಎರಡನ್ನೂ ಒಂದೇ ಮೂರನೇ ಅಳತೆಯಿಂದ ಭಾಗಿಸಿದರೆ ಬರುವ ಉತ್ತರಗಳ ನಡುವೆ ಸಹಸಂಬಂಧ ತಾನಾಗಿ ಹುಟ್ಟಿಕೊಳ್ಳುತ್ತದೆ. ಆದಾಯಕ್ಕೂ ಕಾರ್ಬನ್ನಿಗೂ ನಿಜವಾದ ಸಂಬಂಧ ಇದ್ದೇ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿಮಗೆ ಸಿಕ್ಕ ಸಂಖ್ಯೆಯಲ್ಲಿ ಎಷ್ಟು ಪಾಲು ನಿಜದ್ದು, ಎಷ್ಟು ಪಾಲು ಭಾಗಾಕಾರದ್ದು ಅಂತ ಬಿಡಿಸಿ ನೋಡಬೇಕು. ಒಟ್ಟು ಕಾರ್ಬನ್ನಿನ ಲಾಗ್, ಒಟ್ಟು ಆದಾಯದ ಲಾಗ್, ಜನಸಂಖ್ಯೆಯ ಲಾಗ್, ಈ ಮೂರನ್ನೂ ಬೇರೆಬೇರೆ ಕಾಲಂ ಆಗಿ ಒಂದೇ ರಿಗ್ರೆಶನ್ನಿಗೆ (ಒಂದು ಅಳತೆ ಬೇರೆ ಅಳತೆಗಳ ಜೊತೆ ಹೇಗೆ ಬದಲಾಗುತ್ತದೆ ಅಂತ ಗೆರೆ ಎಳೆದು ನೋಡುವ ಲೆಕ್ಕ) ಹಾಕಿ ನೋಡಿ.

ಈಗ ಟುವಾಲು ಪ್ರಶ್ನೆ. ಸಮ ತೂಕ ಕೊಡುವುದೂ ಸರಿ, ಜನಸಂಖ್ಯೆಗೆ ತಕ್ಕ ತೂಕ ಕೊಡುವುದೂ ಸರಿ. ನಿಮ್ಮ ಪ್ರಶ್ನೆ ಏನು ಅನ್ನೋದರ ಮೇಲೆ ಹೋಗುತ್ತದೆ. ದೇಶಗಳ ಸರ್ಕಾರಿ ನೀತಿ ನೋಡುತ್ತಿದ್ದರೆ ಒಂದು ದೇಶ ಒಂದು ಸಾಲು ಸರಿ, ಯಾಕೆಂದರೆ ನೀತಿ ಮಾಡುವುದು ದೇಶ. ಜಗತ್ತಿನ ಮನುಷ್ಯರ ಬದುಕು ನೋಡುತ್ತಿದ್ದರೆ 140 ಕೋಟಿಗೂ ಹೆಚ್ಚು ಜನರನ್ನು ಒಂದು ಚುಕ್ಕೆ ಮಾಡುವುದು ಅನ್ಯಾಯ. ಇದರಿಂದ ಉತ್ತರ ಎಷ್ಟು ತಿರುಗಬಹುದು ಅನ್ನುವುದಕ್ಕೆ ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೋವಿಚ್ ಮಾಡಿದ ಕೆಲಸ ನೋಡಿ. 1980ರಿಂದ 2000ದವರೆಗೆ ದೇಶದೇಶಗಳ ನಡುವಿನ ಆದಾಯದ ಅಂತರವನ್ನು ಸಮ ತೂಕ ಕೊಟ್ಟು ಅಳೆದರೆ ಅಂತರ ಹೆಚ್ಚಾಗಿದೆ. ಅದೇ ಅಂಕಿ, ಅದೇ ವರ್ಷಗಳು, ಜನಸಂಖ್ಯೆಯ ತೂಕ ಕೊಟ್ಟರೆ ಅಂತರ ಕಡಿಮೆಯಾಗಿದೆ. ಚೀನಾದ ಒಂದು ಸಾಲು ತೆಗೆದುಬಿಟ್ಟರೆ ಆ ಇಳಿಕೆ ಉಳಿಯುವುದೇ ಇಲ್ಲ. ಒಬ್ಬರು ಅಸಮಾನತೆ ಬೆಳೆಯಿತು ಅಂತಾರೆ, ಇನ್ನೊಬ್ಬರು ತಗ್ಗಿತು ಅಂತಾರೆ, ಇಬ್ಬರ ಲೆಕ್ಕವೂ ಸರಿಯೇ. ಹಾಗಾಗಿ ಎರಡೂ ರೀತಿ ಮಾಡಿ, ಎರಡನ್ನೂ ವರದಿಯಲ್ಲಿ ಕೊಡಿ, ಬೇರೆ ಬಂದರೆ ಯಾಕೆ ಬೇರೆ ಬಂತು ಅಂತ ಹುಡುಕಿ. ನಿಮ್ಮ ಪ್ರಾಜೆಕ್ಟಿನ ಒಳ್ಳೆಯ ಅಧ್ಯಾಯ ಅಲ್ಲೇ ಸಿಗಬಹುದು.

ಗದಗದ ಪ್ರಶ್ನೆಗೆ ಬೇರೆಯವರೂ ಹೇಳಲಿ, ನಾನು ಒಂದೇ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 1950ರಲ್ಲಿ ರಾಬಿನ್ಸನ್ ಅನ್ನುವವರು ಅಮೆರಿಕದ 1930ರ ಜನಗಣತಿ ತೆಗೆದು ನೋಡಿದರು. ರಾಜ್ಯವಾರು ನೋಡಿದರೆ ವಿದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರಸ್ಥರು ಕಡಿಮೆ, ಸಹಸಂಬಂಧ ಸುಮಾರು ಮೈನಸ್ 0.53. ವ್ಯಕ್ತಿವಾರು ನೋಡಿದರೆ ಉಲ್ಟಾ, ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ, ಪ್ಲಸ್ 0.12. ಕಾರಣ ಸರಳ. ವಲಸೆ ಬಂದವರು ನೆಲೆ ನಿಂತದ್ದು ಮೊದಲೇ ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ. ದೊಡ್ಡ ಗುಂಪಿನ ಸಂಬಂಧವನ್ನು ಒಳಗಿರುವ ಸಣ್ಣ ಘಟಕಕ್ಕೆ ಇಳಿಸಿದರೆ ಚಿಹ್ನೆಯೇ ಬದಲಾಗಬಹುದು. ದೇಶಗಳ ಪಟ್ಟಿಯಿಂದ ನೇರವಾಗಿ ಗದಗಕ್ಕೆ ಇಳಿಯುವ ಮುಂಚೆ ಇದನ್ನು ನೆನಪಿಡಿ.

ವಿದ್ಯಾನಗರ_ಡೇಟಾ:

ಹುಬ್ಬಳ್ಳಿಯಿಂದ. ನಾನು ಇಂಥ ಫೈಲುಗಳ ಜೊತೆ ದಿನಾ ಕೆಲಸ ಮಾಡುವವನು, ಹಾಗಾಗಿ ಫೈಲಿನ ಮಾತು ಹೇಳುತ್ತೇನೆ. ರಿಗ್ರೆಶನ್ ಮಾಡುವ ಮುಂಚೆ ಇವನ್ನು ನೋಡಿಕೊಳ್ಳಿ.

ವಿಶ್ವಬ್ಯಾಂಕಿನ ಫೈಲಿನಲ್ಲಿ ದೇಶಗಳ ಜೊತೆಗೆ ಗುಂಪುಗಳ ಸಾಲುಗಳೂ ಬರುತ್ತವೆ. ಜಗತ್ತು, ದಕ್ಷಿಣ ಏಷ್ಯಾ, ಯುರೋಪಿಯನ್ ಯೂನಿಯನ್, ಕಡಿಮೆ ಆದಾಯದ ದೇಶಗಳು, ಹೀಗೆ. ದೇಶ ಅಥವಾ ಪ್ರದೇಶ ಅಂತ ಅವರು ಲೆಕ್ಕಕ್ಕೆ ತಗೊಳ್ಳುವುದು 217. ನಿಮ್ಮ ಫೈಲಿನಲ್ಲಿ 260ಕ್ಕಿಂತ ಜಾಸ್ತಿ ಸಾಲು ಇದ್ದರೆ ಗುಂಪುಗಳು ಸೇರಿಕೊಂಡಿವೆ ಅಂತ ಅರ್ಥ. ಆಗ ಭಾರತ ಒಂದು ಸಲ ಭಾರತವಾಗಿ, ಇನ್ನೊಂದು ಸಲ ದಕ್ಷಿಣ ಏಷ್ಯಾ ಒಳಗೆ, ಮತ್ತೊಂದು ಸಲ ಜಗತ್ತಿನ ಒಳಗೆ ಎಣಿಕೆಯಾಗುತ್ತದೆ. ಸಹಸಂಬಂಧ ತಾನೇ ಗಟ್ಟಿಯಾಗಿ ಕಾಣುತ್ತದೆ.

ನಮೀಬಿಯಾ ಗಮನಿಸಿ. ಅದರ ಎರಡಕ್ಷರದ ಕೋಡ್ ಎನ್‌ಎ (NA), ಅಂಕಿ ಇಲ್ಲ ಅನ್ನುವುದಕ್ಕೂ ಅದೇ ಗುರುತು. ಅಂಕಿ ಲೆಕ್ಕದ ಸಾಫ್ಟ್‌ವೇರುಗಳಾದ ಆರ್ ಇರಲಿ, ಪೈಥಾನಿನ ಪಾಂಡಾಸ್ ಇರಲಿ, ಫೈಲ್ ಓದುವಾಗ ಅದನ್ನು ಖಾಲಿ ಮನೆ ಅಂತ ತಿಳಿದುಕೊಳ್ಳುತ್ತವೆ. ಕಾಲಂಗಳನ್ನು ಆ ಕೋಡ್ ಹಿಡಿದು ಜೋಡಿಸಿದರೆ ಒಂದು ಇಡೀ ದೇಶ ಸದ್ದಿಲ್ಲದೆ ಮಾಯವಾಗುತ್ತದೆ. ಮೂರಕ್ಷರದ ಕೋಡ್ ಬಳಸಿ. ಹೆಸರಿನ ಮೇಲೆ ಜೋಡಿಸುವುದಂತೂ ಬೇಡವೇ ಬೇಡ, ಎರಡು ಕಾಂಗೋ ಇವೆ, ಎರಡು ಕೊರಿಯಾ ಇವೆ, ನೈಜರ್ ನೈಜೀರಿಯಾ ಅಕ್ಕಪಕ್ಕ ಇವೆ, ಒಂದೊಂದು ಸಂಸ್ಥೆ ಒಂದೊಂದು ರೀತಿ ಬರೆಯುತ್ತದೆ.

ಅಂಕಿ ಇಲ್ಲದ ದೇಶಗಳನ್ನು ಅಳಿಸುವ ಬಗ್ಗೆ. ಯಾವ ದೇಶದಲ್ಲಿ ಅಂಕಿ ಇರುವುದಿಲ್ಲ ಅಂತ ಪಟ್ಟಿ ಮಾಡಿ ನೋಡಿ. ಯುದ್ಧ ನಡೆಯುತ್ತಿರುವ ಕಡೆ, ಸರ್ಕಾರ ಬಿದ್ದಿರುವ ಕಡೆ, ಉತ್ತರ ಕೊರಿಯಾ ಥರ ಬಾಗಿಲು ಮುಚ್ಚಿಕೊಂಡಿರುವ ಕಡೆ, ಮತ್ತೆ ಚಿಕ್ಕ ದ್ವೀಪಗಳು. ಇವು ಯದ್ವಾತದ್ವಾ ಬಿಟ್ಟುಹೋದ ಸಾಲುಗಳಲ್ಲ. ಕಷ್ಟ ಎಲ್ಲಿ ಜಾಸ್ತಿ ಇದೆಯೋ ಅಲ್ಲೇ ಅಂಕಿ ಕಡಿಮೆ. ಅವನ್ನು ಅಳಿಸಿದರೆ ಜಗತ್ತು ಇರುವುದಕ್ಕಿಂತ ನೆಮ್ಮದಿಯಾಗಿ ಕಾಣುತ್ತದೆ. ಕನಿಷ್ಠ ಬಿಟ್ಟ ದೇಶಗಳ ಹೆಸರನ್ನು, ಅವುಗಳ ಜನಸಂಖ್ಯೆಯನ್ನು ವರದಿಯಲ್ಲಿ ಬರೆಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ತಾಯಂದಿರ ಸಾವಿನ ಕಾಲಂ ಇದೆಯಲ್ಲ, ಅದರ ಬಹಳ ಸಂಖ್ಯೆಗಳು ನೇರವಾಗಿ ಎಣಿಸಿದ್ದಲ್ಲ. ಸಾವು ನೋಂದಣಿ ಸರಿಯಾಗಿ ಇಲ್ಲದ ದೇಶಗಳಿಗೆ ವಿಶ್ವಸಂಸ್ಥೆಯ ತಂಡ ಮಾದರಿ ಕಟ್ಟಿ ಅಂದಾಜು ಮಾಡುತ್ತದೆ. ಆ ಮಾದರಿಯಲ್ಲಿ ಅವರು ಬಳಸುವುದು ಮೂರು ವಿಷಯ. ತಲಾ ಜಿಡಿಪಿ, ಜನನ ಪ್ರಮಾಣ, ತರಬೇತಿ ಪಡೆದವರ ಕೈಯಲ್ಲಿ ಆದ ಹೆರಿಗೆಗಳ ಪಾಲು. ಅಂದರೆ ಆದಾಯ ಮೊದಲೇ ಆ ಸಂಖ್ಯೆಯ ಒಳಗೆ ಕೂತಿದೆ. ನೀವು ಮತ್ತೆ ಆದಾಯಕ್ಕೂ ತಾಯಂದಿರ ಸಾವಿಗೂ ಸಂಬಂಧ ಹುಡುಕಿದರೆ, ಅವರು ಒಳಗಿಟ್ಟಿದ್ದನ್ನೇ ನೀವು ಹೊರಗೆ ತೆಗೆದ ಹಾಗೆ ಆಗುತ್ತದೆ. ಆ ಕಾಲಂ ಬೇಕೇ ಬೇಕು ಅಂದರೆ ನೋಂದಣಿ ಚೆನ್ನಾಗಿರುವ ದೇಶಗಳನ್ನಷ್ಟೇ ಬೇರೆಯಾಗಿ ನೋಡಿ.

ಹಾವೇರಿ_ಹೊಲ:

ಮೇಲಿನವರು ಹೇಳಿದ್ದೆಲ್ಲ ಕಂಪ್ಯೂಟರ್ ಮುಂದೆ ಕೂತ ಮೇಲಿನ ಮಾತು. ಅಂಕಿ ಹುಟ್ಟುವ ಜಾಗದಿಂದ ನಾನು ಎರಡು ಮಾತು ಸೇರಿಸುತ್ತೇನೆ. ನಾನು ಹಾವೇರಿ ಕಡೆ ಬೆಳೆ ಕಟಾವು ಪ್ರಯೋಗಗಳಿಗೆ ಓಡಾಡಿದವನು.

ನೀವು ಯಾವತ್ತಾದರೂ ನೋಡಿದ್ದೀರಾ? ಊರಿನ ಸರ್ವೆ ನಂಬರುಗಳಲ್ಲಿ ಯಾದೃಚ್ಛಿಕವಾಗಿ ಒಂದನ್ನು ಆರಿಸುತ್ತಾರೆ. ಆ ಹೊಲದಲ್ಲಿ ಮತ್ತೆ ಯಾದೃಚ್ಛಿಕವಾಗಿ ಒಂದು ಮೂಲೆ ಹಿಡಿದು ಹಗ್ಗ ಕಟ್ಟುತ್ತಾರೆ. ಬಹಳ ಬೆಳೆಗಳಿಗೆ ಅದು 5 ಮೀಟರ್ ಉದ್ದ 5 ಮೀಟರ್ ಅಗಲ. ಅಷ್ಟನ್ನೇ ಕೊಯ್ದು, ಬಡಿದು, ತೂಗುತ್ತಾರೆ. ಅಂಥ ತುಂಡುಗಳ ತೂಕ ಸೇರಿ ತಾಲೂಕಿನ ಇಳುವರಿ, ಜಿಲ್ಲೆಯ ಇಳುವರಿ, ರಾಜ್ಯದ ಇಳುವರಿ ಆಗುತ್ತದೆ, ಕೊನೆಗೆ ನೀವು ಜಗತ್ತಿನ ಪಟ್ಟಿಯಲ್ಲಿ ನೋಡುವ ಭಾರತ ಅನ್ನುವ ಒಂದು ಸಾಲು ಆಗುತ್ತದೆ. ಈ ದೇಶದಲ್ಲಿ ಹೀಗೆ ಮಾದರಿ ಹಿಡಿದು ಬೆಳೆ ಅಳೆಯುವ ಶಿಸ್ತು ಬೆಳೆದದ್ದರ ಹಿಂದೆ ಪಿ.ಸಿ. ಮಹಲನೋಬಿಸ್ ಅವರ ದೊಡ್ಡ ದುಡಿಮೆ ಇದೆ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಗುವುದಕ್ಕೂ ಅವರೇ ಕಾರಣ. ಹಗ್ಗ ಹಿಡಿದವನು ಬೆಳೆ ಚೆನ್ನಾಗಿರುವ ಮೂಲೆಗೆ ಒಂದು ಹೆಜ್ಜೆ ಸರಿದರೆ ಸಾಕು, ಮೇಲೆ ಹೋಗುವ ಸಂಖ್ಯೆ ಕೆಡುತ್ತದೆ. ಅದಕ್ಕೇ ಹೇಳುವುದು, ಪ್ರತಿ ಕಾಲಂಗೂ ಇದನ್ನು ಯಾರು, ಎಲ್ಲಿ ನಿಂತು, ಹೇಗೆ ಅಳೆದರು ಅಂತ ಕೇಳಿ.

ಮೇಷ್ಟ್ರು ಹೇಳಿದ ರಾಬಿನ್ಸನ್ ವಿಷಯ ನಮ್ಮ ರೈತರಿಗೆ ಪುಸ್ತಕ ಇಲ್ಲದೇ ಗೊತ್ತು. ಫಸಲ್ ಬಿಮಾದಲ್ಲಿ ಮುಖ್ಯ ಬೆಳೆಗಳ ಪರಿಹಾರ ನಿರ್ಧಾರವಾಗುವುದು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಮೇಲೆ. ಒಬ್ಬನ ಹೊಲದಲ್ಲಿ ಗೋವಿನಜೋಳ ಪೂರ್ತಿ ಒಣಗಿರಬಹುದು. ಹಳ್ಳದ ಆಚೆ ಎರಡು ಮಳೆ ಜಾಸ್ತಿ ಬಿದ್ದು ಪಂಚಾಯಿತಿ ಸರಾಸರಿ ಮಾಮೂಲಿಗಿಂತ ಮೇಲೆ ನಿಂತರೆ ಆ ಲೆಕ್ಕದಲ್ಲಿ ಅವನಿಗೆ ನಷ್ಟವೇ ಆಗಿಲ್ಲ. ಸರಾಸರಿ ಸುಳ್ಳಲ್ಲ. ಅದು ಪಂಚಾಯಿತಿಯ ಬಗ್ಗೆ ಹೇಳುತ್ತಿದೆ, ಅವನ ಬಗ್ಗೆ ಹೇಳುತ್ತಿಲ್ಲ. ಒಂದು ಪಂಚಾಯಿತಿಯಲ್ಲೇ ಹೀಗಾದರೆ ಒಂದು ದೇಶದ ಸರಾಸರಿ ಒಳಗೆ ಎಷ್ಟೆಲ್ಲಾ ಅಡಗಿರಬಹುದು ಯೋಚಿಸಿ.

ಇನ್ನು ನಿಮ್ಮ ಕಾಡಿನ ಕಾಲಂ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಕಾಡು ಅನ್ನುವುದು ಯಾವುದಕ್ಕೆ? ಅರ್ಧ ಹೆಕ್ಟೇರಿಗಿಂತ ದೊಡ್ಡ ನೆಲ, 5 ಮೀಟರಿಗಿಂತ ಎತ್ತರ ಬೆಳೆಯುವ ಮರ, ಮರದ ನೆರಳು ಶೇ. 10ಕ್ಕಿಂತ ಹೆಚ್ಚು. ನಮ್ಮ ಅರಣ್ಯ ಸಮೀಕ್ಷೆ ಒಂದು ಹೆಕ್ಟೇರ್ ಮತ್ತು ಶೇ. 10 ಅಂತ ನೋಡುತ್ತದೆ, ಯಾರ ಜಮೀನು, ಯಾವ ಮರ ಅಂತ ನೋಡುವುದಿಲ್ಲ, ತೋಟವೂ ಸೇರಬಹುದು. ನೆರಳು ಶೇ. 10ಕ್ಕಿಂತ ಕಡಿಮೆ ಇದ್ದರೆ ಕುರುಚಲು ಅಂತ ಬೇರೆ ಕಡೆ ಹಾಕುತ್ತದೆ. ನಿಮ್ಮ ಮನೆ ಹತ್ತಿರದ ಕಪ್ಪತಗುಡ್ಡವನ್ನೇ ನೆನೆಸಿಕೊಳ್ಳಿ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ, 2019ರಲ್ಲಿ ವನ್ಯಜೀವಿ ಧಾಮ ಆಯಿತು. ಅಲ್ಲಿ ಎಷ್ಟೋ ಕಡೆ ಇರುವುದು ಹುಲ್ಲು, ಕುರುಚಲು, ಗಿಡ್ಡ ಮರ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಬೇಕಿರುವುದೂ ಬಯಲು ಹುಲ್ಲುಗಾವಲೇ. ಸಾಲಾಗಿ ನೆಟ್ಟ ನೀಲಗಿರಿ ತೋಪು ನಿಮ್ಮ ಕಾಲಂನಲ್ಲಿ ಕಾಡಾಗಿ ಎಣಿಕೆಯಾಗುತ್ತದೆ, ಈ ಬಯಲು ಆಗುವುದಿಲ್ಲ. ಒಂದು ದೇಶದಲ್ಲಿ ಕಾಡಿನ ಶೇಕಡಾ ಏರಿತು ಅಂದ ಕೂಡಲೇ ಪರಿಸರ ಸುಧಾರಿಸಿತು ಅಂತ ಬರೆದುಬಿಡಬೇಡಿ.

ಬೆಟಗೇರಿ_ನೇಕಾರ:

ಎಲ್ಲರ ಉತ್ತರ ಓದಿದೆ. ನನ್ನದು ಒಂದು ನೇರ ಪ್ರಶ್ನೆ. ದೇಶ ಸಮ ಅಲ್ಲ, ಅಂಕಿ ಅಂದಾಜಿನದು, ಕಾಡು ಕಾಡಲ್ಲ, ಸರಾಸರಿ ಯಾರಿಗೂ ಹೊಂದಲ್ಲ. ಹಾಗಿದ್ದರೆ ಈ ಹುಡುಗಿ ಇದನ್ನು ಬಿಟ್ಟು ಗದಗ ತಾಲೂಕಿನ ನಾಲ್ಕು ಹಳ್ಳಿಗೆ ಹೋಗಿ ಜನರನ್ನು ಕೇಳಿ ಬರುವುದೇ ಒಳ್ಳೆಯದಲ್ವಾ? ಜಗತ್ತಿನ ಅಂಕಿಯಿಂದ ಇಲ್ಲಿಯವರೆಗೆ ನಿಜವಾಗಿ ಯಾರಿಗೆ ಏನು ತಿಳಿದಿದೆ?

ಸಾಧನಕೇರಿ_ಮೇಷ್ಟ್ರು:

ಹಳ್ಳಿಗೆ ಹೋಗುವುದು ಯಾವಾಗಲೂ ಒಳ್ಳೆಯದೇ. ಆದರೆ ಜಗತ್ತಿನ ಲೆಕ್ಕ ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಸಂಗತಿಗಳು ದೂರದಿಂದ ನೋಡಿದರೆ ಮಾತ್ರ ಕಾಣುತ್ತವೆ.

1975ರಲ್ಲಿ ಸ್ಯಾಮ್ಯುಯೆಲ್ ಪ್ರೆಸ್ಟನ್ ಅನ್ನುವ ಜನಸಂಖ್ಯಾ ತಜ್ಞ ದೇಶಗಳ ತಲಾ ಆದಾಯ ಮತ್ತು ಜನರ ಸರಾಸರಿ ಆಯುಷ್ಯವನ್ನು ಒಂದೇ ಚಿತ್ರದಲ್ಲಿ ಹಾಕಿದರು. ಬಡ ದೇಶಗಳಲ್ಲಿ ಆದಾಯ ಸ್ವಲ್ಪ ಏರಿದರೂ ಆಯುಷ್ಯ ಜಿಗಿಯುತ್ತದೆ, ಶ್ರೀಮಂತ ದೇಶಗಳಲ್ಲಿ ಗೆರೆ ಚಪ್ಪಟೆಯಾಗುತ್ತದೆ. ಇಷ್ಟು ಎಲ್ಲರೂ ಊಹಿಸಬಹುದಾದದ್ದು. ಅವರು ಮಾಡಿದ ಚೆಂದದ ಕೆಲಸ ಅಂದರೆ ಇದನ್ನು ಬೇರೆಬೇರೆ ದಶಕಗಳಿಗೆ ಹಾಕಿದ್ದು. 1930ರ ದಶಕದ ಗೆರೆಗಿಂತ 1960ರ ದಶಕದ ಗೆರೆ ಪೂರ್ತಿಯಾಗಿ ಮೇಲಕ್ಕೆ ಹೋಗಿತ್ತು. ಅಂದರೆ ಅದೇ ಆದಾಯದಲ್ಲಿ ಜನ ಹೆಚ್ಚು ವರ್ಷ ಬದುಕುತ್ತಿದ್ದರು. ಆ ಅವಧಿಯಲ್ಲಿ ಹೆಚ್ಚಾದ ಆಯುಷ್ಯದಲ್ಲಿ ಆದಾಯದ ಪಾಲು ಶೇ. 10ರಿಂದ 25 ಅಷ್ಟೇ ಅಂತ ಅವರು ಲೆಕ್ಕ ಹಾಕಿದರು. ಉಳಿದದ್ದು ಆದಾಯದ ಆಚೆಯದು, ಲಸಿಕೆ, ಔಷಧಿ, ಮಲೇರಿಯಾ ತಡೆ, ಸಾರ್ವಜನಿಕ ಆರೋಗ್ಯದ ಕೆಲಸ ಇಂಥವು. ಬಡ ದೇಶ ಶ್ರೀಮಂತ ಆಗುವವರೆಗೆ ಕಾಯಬೇಕಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾ? ಒಂದು ಹಳ್ಳಿಯಲ್ಲಿ ಕೂತು ಇದನ್ನು ಕಾಣುವುದು ಸಾಧ್ಯ ಇರಲಿಲ್ಲ.

ಪರಿಸರದಲ್ಲಿ ನೋಡಿದರೆ ಹವಾಯಿಯ ಮೌನಾ ಲೋವಾ ವೀಕ್ಷಣಾಲಯ ಇದೆ. 1958ರಲ್ಲಿ ಅಳತೆ ಶುರುವಾದಾಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ಅದಕ್ಕೆ ಯಾರ ಪಾಲು ಎಷ್ಟು ಅನ್ನುವ ನ್ಯಾಯದ ಪ್ರಶ್ನೆ ಕೇಳುವುದಕ್ಕೂ ದೇಶಗಳ ಪಟ್ಟಿಯೇ ಬೇಕು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ 14 ಟನ್ ಆಸುಪಾಸು. ಬೆಟಗೇರಿಯ ನೇಕಾರನಿಗೂ ಈ ಎರಡು ಸಂಖ್ಯೆ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಮಳೆ ಕೈಕೊಟ್ಟು ಊರಲ್ಲಿ ದುಡ್ಡು ಓಡಾಡದೇ ಹೋದರೆ ಸೀರೆ ಮಾರಾಟವಾಗದೇ ಉಳಿಯುವುದು ಅವರ ಮನೆಯಲ್ಲಿ.

ಮುಂಡರಗಿ_ಹುಡುಗಿ:

ಇಷ್ಟು ಒಳ್ಳೆಯ ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕಾಡಿನ ಕಾಲಂ ಓದಿದ ಮೇಲೆ ಅಪ್ಪನಿಗೂ ಹೇಳಿದೆ. ಗುಡ್ಡದ ಹುಲ್ಲೇ ನಮ್ಮ ಕುರಿಗಳಿಗೆ ಕಾಡು ಅಂದರು.

ಫೈಲ್ ತೆಗೆದು ನೋಡಿದರೆ ಗುಂಪುಗಳ ಸಾಲು ಇದ್ದವು, ತೆಗೆದಿದ್ದೇನೆ. ತಾಯಂದಿರ ಸಾವಿನ ಕಾಲಂ ಬಿಡುತ್ತೇನೆ. ಈಗ ಮುಂದಿನ ಪ್ರಶ್ನೆ. ಒಂದೇ ವರ್ಷದ ಬದಲು 1990ರಿಂದ ಈಚೆಗಿನ ಎಲ್ಲ ವರ್ಷ ತಗೊಂಡರೆ ಸಾಲುಗಳು ಸಾವಿರಗಟ್ಟಲೆ ಆಗುತ್ತವೆ, ಪಿ-ವ್ಯಾಲ್ಯೂ (ನಿಜವಾದ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ, ಚಿಕ್ಕದಾದಷ್ಟು ಒಳ್ಳೆಯದು) ಚೆನ್ನಾಗಿ ಬರುತ್ತೆ ಅಂತ ಗೆಳತಿ ಹೇಳುತ್ತಾಳೆ. ಹಾಗೆ ಮಾಡಲಾ?

ವಿದ್ಯಾನಗರ_ಡೇಟಾ:

ಎಲ್ಲ ವರ್ಷ ತಗೊಳ್ಳಿ, ಆದರೆ ಆ ಕಾರಣಕ್ಕೆ ಬೇಡ. ಭಾರತದ 2005ಕ್ಕೂ 2006ಕ್ಕೂ ಹೊಸ ಮಾಹಿತಿ ಬಹಳ ಕಡಿಮೆ. ಸಾಲು ಮೂವತ್ತು ಪಟ್ಟು ಆಯಿತು ಅಂದರೆ ತಿಳಿವಳಿಕೆ ಮೂವತ್ತು ಪಟ್ಟು ಆಗುವುದಿಲ್ಲ. ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಎಲ್ಲ ಸಾಲೂ ಬೇರೆಬೇರೆ ಅಂತ ನಂಬಿ ಪಿ-ವ್ಯಾಲ್ಯೂವನ್ನು ಚಿಕ್ಕದು ಮಾಡಿ ಕೊಡುತ್ತದೆ. ದೇಶವಾರು ಗುಂಪು ಮಾಡಿ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಅಳತೆ) ಲೆಕ್ಕ ಹಾಕಿ.

ಎಲ್ಲ ವರ್ಷ ತಗೊಳ್ಳುವುದಕ್ಕೆ ನಿಜವಾದ ಕಾರಣ ಬೇರೆ ಇದೆ. ಒಂದು ದೇಶವನ್ನು ಅದೇ ದೇಶದ ಹಿಂದಿನ ಸ್ಥಿತಿಯ ಜೊತೆ ಹೋಲಿಸಬಹುದು. ಕತಾರನ್ನು ನೇಪಾಳದ ಜೊತೆ ಹೋಲಿಸಿದರೆ ಮರುಭೂಮಿ, ತೈಲ, ಬೆಟ್ಟ, ಇತಿಹಾಸ ಎಲ್ಲ ಮಧ್ಯೆ ಬರುತ್ತವೆ. ನೇಪಾಳವನ್ನು ಹಳೆಯ ನೇಪಾಳದ ಜೊತೆ ಹೋಲಿಸಿದರೆ ಬದಲಾಗದ ಅಂಥ ಸಂಗತಿಗಳು ತಾವಾಗಿ ಹೊರಗೆ ಹೋಗುತ್ತವೆ. ಫಿಕ್ಸೆಡ್ ಎಫೆಕ್ಟ್ಸ್ ಅಂತ ನಿಮ್ಮ ಎಕಾನಮೆಟ್ರಿಕ್ಸ್ ಪಠ್ಯದಲ್ಲಿ ಇರುತ್ತದಲ್ಲ, ಅದೇ. ಬರ್ಕ್, ಸಿಯಾಂಗ್ ಮತ್ತು ಮಿಗೆಲ್ ಅನ್ನುವ ಸಂಶೋಧಕರು 2015ರಲ್ಲಿ ಹೀಗೇ ಮಾಡಿ 166 ದೇಶಗಳ ಐವತ್ತು ವರ್ಷದ ಅಂಕಿ ನೋಡಿದರು. ವರ್ಷದ ಸರಾಸರಿ ಉಷ್ಣಾಂಶ ಸುಮಾರು 13 ಡಿಗ್ರಿ ಇರುವ ಕಡೆ ಆರ್ಥಿಕ ಉತ್ಪಾದನೆ ಅತಿ ಹೆಚ್ಚು, ಅದಕ್ಕಿಂತ ಬಿಸಿ ಇರುವ ಕಡೆ ಇನ್ನೂ ಬಿಸಿಯಾದರೆ ಇಳಿಯುತ್ತದೆ ಅಂತ ಕಂಡುಕೊಂಡರು. ನಮ್ಮ ಕಡೆಯ ಸರಾಸರಿ ಅದಕ್ಕಿಂತ ಎಷ್ಟೋ ಮೇಲೆ. ಆ ಲೆಕ್ಕದ ಬಗ್ಗೆ ವಾದ ಇನ್ನೂ ನಡೆದಿದೆ, ಆದರೂ ವಿಧಾನ ಕಲಿಯುವುದಕ್ಕೆ ಒಳ್ಳೆಯ ಪೇಪರ್.

ಗಡಿಗಳನ್ನೂ ನೋಡಿಕೊಳ್ಳಿ. 1991ರಲ್ಲಿ ಸೋವಿಯತ್ ಒಡೆದು 15 ದೇಶ ಆಯಿತು. 2011ರಲ್ಲಿ ಸುಡಾನ್ ಎರಡಾಯಿತು. ಸುಡಾನಿನ ಕಾಡು, ಜನ, ಆದಾಯ ಒಂದೇ ವರ್ಷದಲ್ಲಿ ಜಿಗಿದಂತೆ ಕಂಡರೆ ಅದು ಗಡಿ ಸರಿದದ್ದು. ನಮ್ಮಲ್ಲೂ ಅಷ್ಟೇ. 1997ಕ್ಕೆ ಮುಂಚಿನ ಧಾರವಾಡ ಜಿಲ್ಲೆಯ ಅಂಕಿಯಲ್ಲಿ ಗದಗವೂ ಇದೆ, ಹಾವೇರಿಯೂ ಇದೆ. 2011ರ ಜನಗಣತಿಯಲ್ಲಿ ಧಾರವಾಡ 18.47 ಲಕ್ಷ, ಹಾವೇರಿ ಸುಮಾರು 15.98 ಲಕ್ಷ, ಗದಗ ಸುಮಾರು 10.65 ಲಕ್ಷ. 1991ರ ಜೊತೆ ಹೋಲಿಸಬೇಕು ಅಂದರೆ ಮೂರನ್ನೂ ಕೂಡಿಸಿ ಹೋಲಿಸಬೇಕು.

ಸಾಧನಕೇರಿ_ಮೇಷ್ಟ್ರು:

ವರ್ಷಗಳ ಸಾಲು ತಗೊಳ್ಳುವಾಗ ಸಂಖ್ಯಾಶಾಸ್ತ್ರಜ್ಞ ಯೂಲ್ ಅವರ 1926ರ ಎಚ್ಚರಿಕೆ ನೆನಪಿರಲಿ. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದ ಮದುವೆಗಳ ಪಾಲು ಮತ್ತು ಸಾವಿನ ಪ್ರಮಾಣದ ನಡುವೆ 0.95 ಸಹಸಂಬಂಧ ಬಂತು. ಎರಡೂ ಕಾಲಕ್ರಮೇಣ ಇಳಿಯುತ್ತಿದ್ದವು, ಅಷ್ಟೇ. ಜಗತ್ತಿನಲ್ಲಿ ಹೆಣ್ಣುಮಕ್ಕಳ ಓದೂ ಏರುತ್ತಿದೆ, ಕಾರ್ಬನ್ನೂ ಏರುತ್ತಿದೆ. ಓದಿದ್ದಕ್ಕೆ ಕಾರ್ಬನ್ ಏರಿತು ಅಂತ ಯಾರಾದರೂ ಹೇಳಿದರೆ ಸುಮ್ಮನಿರಬಾರದು. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ತೆಗೆದು ಹೋಲಿಸಿ.

ಇನ್ನೊಂದು ಇದೆ, ಇದು ನೂರು ವರ್ಷಕ್ಕಿಂತ ಹಳೆಯದು, ಆದರೂ ಎಷ್ಟೋ ಜನ ಮರೆಯುತ್ತಾರೆ. 1880ರ ದಶಕದ ಕೊನೆಗೆ ಟೈಲರ್ ಅನ್ನುವ ಮಾನವಶಾಸ್ತ್ರಜ್ಞ ಮುನ್ನೂರಕ್ಕೂ ಹೆಚ್ಚು ಸಮುದಾಯಗಳ ಮದುವೆ ಪದ್ಧತಿ ಹೋಲಿಸಿ ಪೇಪರ್ ಓದಿದ. ಸಭೆಯಲ್ಲಿದ್ದ ಫ್ರಾನ್ಸಿಸ್ ಗಾಲ್ಟನ್ ಕೇಳಿದ್ದು ಒಂದೇ ಪ್ರಶ್ನೆ. ಇವರೆಲ್ಲ ಒಂದೇ ಮೂಲದಿಂದ ಪದ್ಧತಿ ತಗೊಂಡಿದ್ದರೆ? ಆಗ ಮುನ್ನೂರು ಉದಾಹರಣೆ ಅನ್ನುವುದು ನಿಜವಾಗಿ ಎಷ್ಟು? ನಿಮ್ಮ ದೇಶಗಳಿಗೂ ಇದೇ ಪ್ರಶ್ನೆ. ಪಶ್ಚಿಮ ಆಫ್ರಿಕಾದ ಅಕ್ಕಪಕ್ಕದ ದೇಶಗಳು ಒಂದೇ ಮಳೆ, ಒಂದೇ ವಸಾಹತು ಇತಿಹಾಸ, ಎಷ್ಟೋ ಸಲ ಒಂದೇ ಹಣ ಹಂಚಿಕೊಂಡಿವೆ. ಅವನ್ನು ಹತ್ತು ಬೇರೆಬೇರೆ ಸಾಕ್ಷಿ ಅಂತ ಎಣಿಸಬಾರದು. ರಿಗ್ರೆಶನ್ ಮಾಡಿದ ಮೇಲೆ ಉಳಿದ ದೋಷಗಳನ್ನು ನಕ್ಷೆಯ ಮೇಲೆ ಬಣ್ಣ ಹಚ್ಚಿ ನೋಡಿ. ಒಂದೇ ಬಣ್ಣ ಒಂದೇ ಕಡೆ ಗುಂಪಾಗಿ ನಿಂತರೆ ನೆರೆಹೊರೆಯ ಪ್ರಭಾವ ಇನ್ನೂ ಒಳಗಿದೆ ಅಂತ ಅರ್ಥ. ಅದನ್ನು ಸಂಖ್ಯೆಯಲ್ಲಿ ಅಳೆಯುವುದಕ್ಕೆ ಮೊರಾನ್ ಸೂಚ್ಯಂಕ ಇದೆ.

ಗದಗಕ್ಕೆ ತಾಗಬೇಕು ಅಂದಿರಲ್ಲ, ಹೀಗೆ ಮಾಡಿ. ಜಗತ್ತಿನ ದೇಶಗಳಲ್ಲಿ ಒಂದು ಸಂಬಂಧ ಸಿಕ್ಕಿದರೆ, ಅದೇ ಪ್ರಶ್ನೆಯನ್ನು ಕರ್ನಾಟಕದ ಜಿಲ್ಲೆಗಳಿಗೆ ಹೊಸದಾಗಿ ಕೇಳಿ, ಆಮೇಲೆ ಗದಗ ಜಿಲ್ಲೆಯ ತಾಲೂಕುಗಳಿಗೆ ಕೇಳಿ. ಮೂರು ಮಟ್ಟದಲ್ಲೂ ಚಿಹ್ನೆ ಒಂದೇ ಬಂತಾ, ಬದಲಾಯಿತಾ? ಬದಲಾದರೆ ಎಲ್ಲಿ, ಯಾಕೆ? ಎಂಎ ಪ್ರಾಜೆಕ್ಟಿಗೆ ಇಷ್ಟು ಧಾರಾಳ.

ಮುಂಡರಗಿ_ಹುಡುಗಿ:

ಮೂರು ಮಟ್ಟದ ಯೋಚನೆ ಬಹಳ ಹಿಡಿಸಿತು ಸರ್. ಗೈಡ್ ಜೊತೆ ಮಾತಾಡುತ್ತೇನೆ. ತಾಲೂಕಿನ ಅಂಕಿಗೆ 2011ರ ಜನಗಣತಿಯೇ ಗತಿ ಅಲ್ವಾ? ಮತ್ತೆ ಮೊರಾನ್ ಸೂಚ್ಯಂಕಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ?

ವಿದ್ಯಾನಗರ_ಡೇಟಾ:

ಜನಗಣತಿಯ ಅಂಕಿಗೆ ಸದ್ಯ 2011ರದ್ದೇ, ಮುಂದಿನದು 2027ಕ್ಕೆ. ಅದಕ್ಕೇ ಭಾರತದ ಈಚಿನ ತಲಾ ಅಂಕಿಗಳಲ್ಲೆಲ್ಲ ಜನಸಂಖ್ಯೆ ಅಂದಾಜಿನದು, ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಿ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಜಿಯೋಡಾ ಅನ್ನುವ ನಕ್ಷೆ ಲೆಕ್ಕದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕೋಡ್ ಬರೆಯದೇ ಮೌಸಿನಲ್ಲೇ ಮಾಡಬಹುದು. ಆರ್ ಬರುತ್ತಿದ್ದರೆ ಅದರಲ್ಲೂ ಆಗುತ್ತದೆ. ಒಂದು ಕಡೆ ಮಾತ್ರ ಹುಷಾರು. ಯಾರು ಯಾರಿಗೆ ನೆರೆಯವರು ಅಂತ ಅದು ಕೇಳುತ್ತದೆ. ಗಡಿ ತಾಗಿದರೆ ನೆರೆ ಅನ್ನುವ ಆಯ್ಕೆ ಕೊಟ್ಟರೆ ಶ್ರೀಲಂಕಾ, ಮಡಗಾಸ್ಕರ್, ಜಪಾನ್, ನಿಮ್ಮ ಟುವಾಲು ಇವಕ್ಕೆಲ್ಲ ಒಬ್ಬ ನೆರೆಯವರೂ ಸಿಗುವುದಿಲ್ಲ, ಲೆಕ್ಕದಿಂದ ಬಿದ್ದುಹೋಗುತ್ತವೆ. ಹತ್ತಿರದ ನಾಲ್ಕೋ ಐದೋ ದೇಶ ನೆರೆ ಅನ್ನುವ ಆಯ್ಕೆ ಕೊಡಿ. ತಾಲೂಕುಗಳಿಗೆ ಬಂದಾಗ ಗಡಿ ತಾಗುವ ಆಯ್ಕೆಯೇ ಸಾಕು, ಆದರೆ ಗದಗ ಜಿಲ್ಲೆಯ ನಕ್ಷೆ ಒಂದನ್ನೇ ಹಾಕಬೇಡಿ. ಧಾರವಾಡ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ತಾಲೂಕುಗಳನ್ನೂ ಸೇರಿಸಿ. ಮುಂಡರಗಿಯ ನೆರೆಯವರು ಅರ್ಧ ಜನ ಜಿಲ್ಲೆಯ ಆಚೆ ಇದ್ದಾರೆ.